ಅಡುಗೆಮನೆಯಿಂದ ಬರುವ ಪ್ರಶ್ನೆ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದು ಅಮ್ಮಾ,

ಲಕೋಟೆ ಕೈಗೆ ಬಂದ ಕೂಡಲೇ ನಿನ್ನ ಎದೆ ಧಸಕ್ಕೆಂದಿರುತ್ತದೆ, ಗೊತ್ತು. ಹೊತ್ತು ಗೊತ್ತಿಲ್ಲದೆ ಫೋನ್ ಮಾಡಿ ನಿನ್ನ ಪ್ರಾಣ ತಿನ್ನುವ ಮಗಳು ಕಾಗದ ಯಾಕೆ ಬರೆದಳು ಎಂದು ನಿಂತಲ್ಲೇ ಕುಳಿತಿರುತ್ತೀಯ. ಮೊದಲು ನೀರು ಕುಡಿ. ನಾನು ಚೆನ್ನಾಗಿದ್ದೇನೆ. ನಿನ್ನ ಅಳಿಯನೂ ಚೆನ್ನಾಗಿದ್ದಾರೆ. ಚೆನ್ನಾಗಿದ್ದಾರೆ ಎಂದರೆ ಸಾಲದು ಅಮ್ಮಾ, ಅವರು ಬೆಳಿಗ್ಗೆ ಕನ್ನಡಕ ಹುಡುಕುತ್ತಾ ಹಾಸಿಗೆ ತಡಕುವುದನ್ನು ನೋಡಿದರೆ ನನಗೆ ಈಗಲೂ ಮುದ್ದು ಉಕ್ಕುತ್ತದೆ. ರೂಮಿನಲ್ಲಿ 'ನೀನು', ಬಾಗಿಲು ದಾಟಿದರೆ 'ನೀವು'. ಒಮ್ಮೊಮ್ಮೆ ಅವಸರದಲ್ಲಿ ಅದಲು ಬದಲಾಗಿ ಅತ್ತೆಯ ಎದುರೇ "ಏಯ್" ಎಂದುಬಿಡುತ್ತೇನೆ. ಅತ್ತೆ ಕೇಳಿಸಲಿಲ್ಲವೆನ್ನುವಂತೆ ಕಿಟಕಿ ಒರೆಸುತ್ತಾರೆ.

ಇಂಗ್ಲಿಷ್ ಮೀಡಿಯಂನಲ್ಲಿ ಓದಿಸಿದವಳು ನೀನೇ, ಆದ್ದರಿಂದ ಕಾಗುಣಿತ ನೋಡಿ ನಗಬೇಡ. ಟೀಚರಮ್ಮನ ಕೆಂಪು ಪೆನ್ನು ಡ್ರಾಯರಿನಲ್ಲೇ ಇರಲಿ.

ವಿಷಯ ಇದು. ನನ್ನ ಹೊಟ್ಟೆಯಲ್ಲಿ ಒಂದು ಮಾತಿದೆ. (ಅಯ್ಯೋ, ಮಾತು! ಬೇರೆ ಏನೂ ಅಲ್ಲ, ಕುಣಿಯಬೇಡ.) ಅದನ್ನು ಹೇಳಿದರೆ ನನ್ನ ಅತ್ತೆ ತಮ್ಮ ದೊಡ್ಡ ಮಗನನ್ನು ಎರಡನೇ ಸಲ ಕಳೆದುಕೊಳ್ಳುತ್ತಾರೆ. ಹೇಳದಿದ್ದರೆ ನಾಳೆ ಬೆಳಿಗ್ಗೆ ಅವರು ಒಂದು ಸುಳ್ಳನ್ನು ಎದೆಗವಚಿಕೊಂಡು ಅತ್ತು, ಕೈಯಾರೆ ಸಮುದ್ರಕ್ಕೆ ಬಿಡುತ್ತಾರೆ. ಆ ಸುಳ್ಳನ್ನು ತಂದು ಅವರ ಮನೆಯೊಳಗೆ ಇಟ್ಟವಳು ನಾನು. ಚಿಕ್ಕಂದಿನಿಂದ ನೀನು ನನ್ನನ್ನು ಬಾಯಿಬಡುಕಿ ಎಂದೇ ಕರೆದೆ. ಬಾಯಿ ಮುಚ್ಚಿಕೊಂಡಿರುವುದು ಇಷ್ಟು ಭಾರವೆಂದು ನನಗೆ ಯಾರೂ ಕಲಿಸಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಈ ಮನೆಯ ಗೋಡೆಗಳು ತೆಳು, ನಿನ್ನ ಸ್ಪೀಕರ್ ಸದಾ ಆನ್. ಎಲ್ಲರೂ ಊಟ ಮಾಡಿ ಮಲಗಿದ್ದಾರೆ. ಅದಕ್ಕೇ ಕಾಗದ.

ಮೊದಲಿನಿಂದ ಹೇಳುತ್ತೇನೆ, ತಾಳ್ಮೆಯಿಂದ ಓದು.

ಮಾವನ ವರ್ಕ್‌ಶಾಪ್ ನಿನಗೆ ಗೊತ್ತಲ್ಲ, ಮನೆಯ ಮುಂದಿನ ಕೋಣೆ. ಅಜ್ಜಿಯ ಹಲ್ಲಿನ ಸೆಟ್ ರಿಪೇರಿಗೆಂದು ನಾನು ಹೋದದ್ದು ಅಲ್ಲಿಗೇ, ಹಲ್ಲಿನ ಜೊತೆ ಗಂಡನನ್ನೂ ತಂದದ್ದು ಅಲ್ಲಿಂದಲೇ! ಕಪಾಟಿನ ತುಂಬ ಯಾರ್ಯಾರದೋ ಬಾಯಿಯ ಪ್ಲಾಸ್ಟರ್ ಅಚ್ಚುಗಳು, ಸಾಲಾಗಿ ಹಲ್ಲು ಕಿರಿಯುತ್ತಾ ಕೂತಿವೆ. ಮೇಣ ಕರಗಿಸುವ ಸ್ಪಿರಿಟ್ ದೀಪ, ಅಮೃತಶಿಲೆಯ ಒಂದು ತುಂಡು, ಗುಲಾಬಿ ಬಣ್ಣದ ಪ್ಲಾಸ್ಟಿಕ್ ವಸಡುಗಳು. ಮದುವೆಯ ಗಡಿಬಿಡಿಯಲ್ಲಿ ನೀನು ಗಮನಿಸಿರಲಾರೆ, ಆ ಅಚ್ಚುಗಳ ಮೇಲಿನ ಅರೆಗಳಲ್ಲಿ ಮಾವನ ಕಲ್ಲುಗಳಿವೆ. ಟಗರಿನ ಕೊಂಬಿನಂತೆ ಸುರುಳಿ ಸುತ್ತಿದವು, ಬಂದೂಕಿನ ಗುಂಡಿನಂಥವು, ಶಾರ್ಕಿನ ಹಲ್ಲುಗಳು, ನಡುವೆ ಐದೆಸಳಿನ ಹೂವು ಬರೆದಂತಿರುವ ದುಂಡನೆಯ ಚೆಂಡುಗಳು. ಎಲ್ಲವೂ ಒಂದು ಕಾಲದಲ್ಲಿ ಸಮುದ್ರದಲ್ಲಿ ಜೀವ ಹಿಡಿದಿದ್ದವು. ಪಳೆಯುಳಿಕೆ. ಈ ಶಬ್ದವನ್ನು ನಾನು ಇಲ್ಲಿ ಕಲಿತೆ. ಶಾಲೆಯಲ್ಲಿ ಫಾಸಿಲ್ ಎಂದರೆ ಡೈನೋಸಾರ್ ಚಿತ್ರಕ್ಕೆ ಬಣ್ಣ ಹಚ್ಚುವುದು ಅಷ್ಟೇ ಆಗಿತ್ತು.

ನಮ್ಮ ಬೀದಿ ಮುಗಿಯುವಲ್ಲಿ ಸಮುದ್ರ. ದಂಡೆಯ ಉದ್ದಕ್ಕೂ ಬೂದು ಮಣ್ಣಿನ ಎತ್ತರದ ಗೋಡೆಯಿದೆ, ಬಿರುಗಾಳಿ ಬಂದಾಗಲೆಲ್ಲ ಅದು ಸ್ವಲ್ಪ ಸ್ವಲ್ಪ ಕುಸಿಯುತ್ತದೆ. ಕುಸಿದ ಮಣ್ಣನ್ನು ಅಲೆ ತೊಳೆದರೆ ಒಳಗಿದ್ದದ್ದು ಮರಳಿನ ಮೇಲೆ ಬಂದು ಬೀಳುತ್ತದೆ. ಮಾವ ದಿನಾ ಬೆಳಗಾದರೆ ಅಲ್ಲಿ. ಮದುವೆಯಾಗಿ ಬಂದ ವಾರವೇ ನಾನೂ ಬರುತ್ತೇನೆಂದು ಹಿಂದೆ ಬಿದ್ದೆ. ಬೇಡವೆನ್ನಲಿಲ್ಲ. "ಬಾಮ್ಮಾ, ಆದ್ರೆ ಬಾಯಿ ಕಡಿಮೆ, ಕಣ್ಣು ಜಾಸ್ತಿ" ಎಂದರು. ಅಮ್ಮಾ, ನಾನು ಪ್ರಯತ್ನಪಟ್ಟೆ!

ಎಷ್ಟು ಚೆನ್ನಾಗಿ ಕಲಿಸುತ್ತಾರೆ ಗೊತ್ತಾ? ಮೂಳೆಯಂತೆ ಕಂಡದ್ದನ್ನು ಮೊದಲು ನಾಲಿಗೆಗೆ ತಾಗಿಸಬೇಕಂತೆ. ಬರೀ ಕಲ್ಲಾದರೆ ನಾಲಿಗೆ ಜಾರುತ್ತದೆ. ಮೂಳೆಯಿದ್ದು ಕಲ್ಲಾದದ್ದಾದರೆ ಅದರ ಸಣ್ಣ ಸಣ್ಣ ತೂತುಗಳು ನಾಲಿಗೆಯನ್ನು ಹಿಡಿದುಕೊಳ್ಳುತ್ತವೆ. "ಛೀ" ಎಂದೆ. "ನಾನು ಊರಿನವರ ಬಾಯೊಳಗೆ ಕೈ ಹಾಕಿ ಬದುಕಿದವನು, ನನಗ್ಯಾಕೆ ಛೀ ಹೇಳ್ತೀಯಾ" ಎಂದು ನಕ್ಕರು. ಆಮೇಲೆ ಮುಂದಿನ ಹಲ್ಲಿಗೆ ತಟ್ಟಿ ನೋಡಬೇಕು. ಕಲ್ಲಾದ ಮೂಳೆ ಪಿಂಗಾಣಿಯಂತೆ ಟಿಣ್ ಎನ್ನುತ್ತದೆ, ಇತ್ತೀಚಿನ ಮೂಳೆ ಮರದ ಚಮಚದಂತೆ ಮಂಕಾಗಿ ಸದ್ದು ಮಾಡುತ್ತದೆ. ಆಗಲೂ ಅನುಮಾನ ಉಳಿದರೆ ಕೊನೆಯ ಪರೀಕ್ಷೆ: ಸೂಜಿಯನ್ನು ದೀಪದಲ್ಲಿ ಕೆಂಪಗೆ ಕಾಯಿಸಿ ಚುಚ್ಚುವುದು. ಹೊಸ ಮೂಳೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಕಲ್ಲಾದದ್ದರಲ್ಲಿ ಸುಡಲು ಏನೂ ಉಳಿದಿರುವುದಿಲ್ಲ.

ಈಗ ಈ ಮನೆಯ ಒಂದು ರೂಢಿ ಹೇಳಬೇಕು. ಮಾವ ದಂಡೆಯಿಂದ ಬಂದು ವರ್ಕ್‌ಶಾಪಿನ ಅಮೃತಶಿಲೆಯ ಮೇಲೆ ಸಿಕ್ಕಿದ್ದನ್ನು ಇಟ್ಟು ತಟ್ಟಿದ ಕೂಡಲೇ ಅಡುಗೆಮನೆಯಿಂದ ಅತ್ತೆಯ ದನಿ ಬರುತ್ತದೆ: "ಕಲ್ಲಾ?" ಮಾವ, "ಕಲ್ಲೇ" ಎನ್ನುತ್ತಾರೆ. ಆಮೇಲೆ ಸ್ಟೌವ್ ಹಚ್ಚುವ ಸದ್ದು, ಆಮೇಲೆ ಟೀ. ಒಂದು ದಿನವೂ ತಪ್ಪುವುದಿಲ್ಲ. ಇಷ್ಟು ವರ್ಷವಾದರೂ ಗಂಡನ ಹುಚ್ಚನ್ನು ಅತ್ತೆ ಹೀಗೆ ಕೆಣಕುತ್ತಾರಲ್ಲ, ಸೋ ಸ್ವೀಟ್ ಎಂದುಕೊಂಡೆ. ನಾವೂ ಮುದುಕರಾದಾಗ ಹೀಗೇ ಇರಬೇಕೆಂದು ಆಸೆಪಟ್ಟೆ. ರೂಮಿನಲ್ಲಿ ಇವರು ಜೇಬಿನಿಂದ ಏನಾದರೂ ತೆಗೆದರೆ ಸಾಕು, ನಾನು ಅತ್ತೆಯ ದನಿಯಲ್ಲಿ "ಕಲ್ಲಾ?" ಎಂದು ಅಣಕಿಸುತ್ತಿದ್ದೆ. ಇವರು ನಗುತ್ತಿರಲಿಲ್ಲ. ಹಾಸ್ಯಪ್ರಜ್ಞೆ ಸ್ವಲ್ಪ ಕಡಿಮೆ, ಮುಂದೆ ಕಲಿಸಿದರಾಯಿತು ಎಂದುಕೊಂಡೆ. ಎಂಥ ಪೆದ್ದಿ ನಾನು.

ಹಾಲ್‌ನಲ್ಲಿರುವ ಫೋಟೊ ನೀನೂ ನೋಡಿದ್ದೀಯ. ಬಾಯಿ ತುಂಬ ನಗುವ ಹುಡುಗ, ಇವರ ಅಣ್ಣ, ನನಗೆ ಭಾವ. ಸಮುದ್ರದಲ್ಲಿ ಮುಳುಗಿ ಹೋದರು ಎಂದಷ್ಟೇ ಇವರು ಹೇಳಿದ್ದರು. ಅದರಾಚೆ ಕೇಳಿದರೆ ಮಾತು ಬದಲಿಸುತ್ತಿದ್ದರು. ಹೊಸದರಲ್ಲಿ ಯಾಕೆ ಕೆದಕುವುದು ಎಂದು ನಾನೂ ಸುಮ್ಮನಾದೆ.

ಹೋದ ವಾರ ದೊಡ್ಡ ಬಿರುಗಾಳಿ ಬಂತು. ಅದು ನಿಂತ ಮಾರನೆಯ ದಿನ ಮಾವ ನನ್ನನ್ನು ಮುಂದೆ ಕಳಿಸಿ, ತಾವು ಒಂದು ಬಂಡೆಯ ಮೇಲೆ ಕೂತುಬಿಟ್ಟರು. ಮಂಡಿ ನೋವು ಎಂದರು. ನಾನು ಕುಸಿದ ಮಣ್ಣಿನ ಬುಡದಲ್ಲಿ ಹುಡುಕುತ್ತಾ ಹೋದೆ. ಅಲ್ಲಿ ಸಿಕ್ಕಿತು ಅಮ್ಮಾ, ನನ್ನದೇ ಕಣ್ಣಿಗೆ, ನನ್ನದೇ ಕೈಗೆ! ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ನಡುವಿನಲ್ಲಿ ಸಣ್ಣ, ಎರಡೂ ತುದಿ ದುಂಡಗೆ, ತಿಳಿ ಕಂದು ಬಣ್ಣ. ನಾಲಿಗೆಗೆ ತಾಗಿಸಿದೆ, ಗಪ್ಪೆಂದು ಅಂಟಿಕೊಂಡಿತು. ಕುಣಿದಾಡಿಬಿಟ್ಟೆ. ಮಾವನಿಗೆ ಆಗಲೇ ತೋರಿಸಿದ್ದರೆ ಈ ಕಾಗದದ ಅಗತ್ಯವೇ ಇರಲಿಲ್ಲ. ಆದರೆ ನಿನ್ನ ಮಗಳಿಗೆ ಎಲ್ಲದರಲ್ಲೂ ಸರ್‌ಪ್ರೈಸ್ ಕೊಡುವ ಚಟ ತಾನೇ? ಜೇಬಿನಲ್ಲಿ ಹಾಕಿಕೊಂಡು ಬಂದೆ. ರೂಮಿನಲ್ಲಿ ತೊಳೆದು ಒರೆಸಿ, ಕಾಲೇಜಿನಲ್ಲಿ ಕಪ್ಪೆಚಿಪ್ಪುಗಳಿಗೆ ಹಚ್ಚುತ್ತಿದ್ದಂತೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿದೆ. ಒಂದು ಕೋಟ್ ಸಾಲದೆಂದು ಇನ್ನೊಂದು. ಏನು ಹೊಳಪು! ಮಾರನೆಯ ಬೆಳಿಗ್ಗೆ ಮಾವ ಏಳುವ ಮೊದಲು ಅಮೃತಶಿಲೆಯ ಮೇಲೆ ಇಟ್ಟು, ಅಚ್ಚುಗಳ ಕಪಾಟಿನ ಪಕ್ಕದಲ್ಲಿ ನಿಂತು ಕಾದೆ.

ಮಾವ ಬಂದರು. ನೋಡಿದರು. ಕೈಗೆತ್ತಿಕೊಂಡರು. "ಎಲ್ಲಿ ಸಿಕ್ತಮ್ಮಾ?" ಎಂದು ಕೇಳಿದರು. ಹೇಳಿದೆ. ಅಮೃತಶಿಲೆಗೆ ಒಂದು ಸಲ ತಟ್ಟಿದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ದೀಪ ಹಚ್ಚಿ ಸೂಜಿ ಕಾಯಿಸಿದರು. ಸೂಜಿ ತಾಗಿದ್ದೇ ಚುರ್ ಎಂದು ಒಂದು ಎಳೆ ಹೊಗೆ ಎದ್ದಿತು, ಕಮಟು ವಾಸನೆ ಕೋಣೆಯೆಲ್ಲ ತುಂಬಿತು.

ಅಡುಗೆಮನೆಯಿಂದ "ಕಲ್ಲಾ?" ಎಂದು ಬಂತು.

ಮಾವ ಉತ್ತರ ಕೊಡಲಿಲ್ಲ. ಅತ್ತೆ ಇನ್ನೊಂದು ಸಲ, "ಏನ್ರೀ, ಕಲ್ಲಾ ಅಂತ ಕೇಳ್ದೆ" ಎಂದರು. ಆಗಲೂ ಉತ್ತರವಿಲ್ಲದ್ದರಿಂದ ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತರು. ಆ ಬಾಗಿಲನ್ನು ಅತ್ತೆ ದಾಟಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮಾವ ಅವರ ಮುಖವನ್ನು ತುಂಬ ಹೊತ್ತು ನೋಡಿದರು. ಆಮೇಲೆ, "ಅಲ್ಲ ಕಣೇ" ಎಂದರು.

ಅತ್ತೆ ಹಲ್ಲಿನ ಅಳತೆ ಕೊಡುವವರು ಕೂರುವ ಕುರ್ಚಿಯಲ್ಲಿ ಮೆಲ್ಲಗೆ ಕುಳಿತರು. ನಾನೊಬ್ಬಳು ಇನ್ನೂ ನಗುತ್ತಾ, "ಹಾಗಾದ್ರೆ ಏನು ಮಾವ ಅದು?" ಎಂದು ಕೇಳಿದೆ. ಇವರು ಎಲ್ಲಿಂದಲೋ ಬಂದು, ನನ್ನ ಕೈ ಹಿಡಿದು ಹೊರಗೆ ಎಳೆದುಕೊಂಡು ಹೋದರು.

ಬೀದಿ ಮೆಟ್ಟಿಲ ಮೇಲೆ ಕೂತು ಇವರು ಎಲ್ಲ ಹೇಳಿದರು. ಇವರು ಹೈಸ್ಕೂಲಿನಲ್ಲಿದ್ದಾಗ ಭಾವ ಒಂದು ಸಂಜೆ ಗೆಳೆಯನ ಸಣ್ಣ ದೋಣಿಯಲ್ಲಿ ಹೋದರಂತೆ. ದೋಣಿ ಮಗುಚಿಕೊಂಡು ದಡಕ್ಕೆ ಬಂತು. ಗೆಳೆಯ ಈಜಿ ಬಂದ. ಭಾವ ಬರಲಿಲ್ಲ. ಮುಳುಗಿದ್ದು ಮಾತ್ರ ಅಲ್ಲ ಅಮ್ಮಾ, ಸಿಗಲೇ ಇಲ್ಲ. ಒಂದು ಚಪ್ಪಲಿ ಕೂಡ ಸಿಗಲಿಲ್ಲ. ಪೊಲೀಸರು ಹುಡುಕಿ ಬಿಟ್ಟರು, ಮೀನುಗಾರರು ಹುಡುಕಿ ಬಿಟ್ಟರು. ಮಾವ ಬಿಡಲಿಲ್ಲ. ಹಲವು ತಿಂಗಳ ನಂತರ ದಂಡೆಯಲ್ಲಿ ಅವರಿಗೆ ಒಂದು ಮೂಳೆ ಸಿಕ್ಕಿತು. ಅದನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಮ್ಯೂಸಿಯಂಗೆ ಹೋದಾಗ ಅಲ್ಲಿನ ಮೇಡಂ ಇದು ಕೋಟಿಗಟ್ಟಲೆ ವರ್ಷ ಹಳೆಯದು, ಕಲ್ಲಾಗಿದೆ ಎಂದು ಹೇಳಿ, ನಾಲಿಗೆಯ ಪರೀಕ್ಷೆ, ಹಲ್ಲಿನ ಪರೀಕ್ಷೆ, ಸೂಜಿಯ ಪರೀಕ್ಷೆ ಎಲ್ಲವನ್ನೂ ಕಲಿಸಿಕೊಟ್ಟರಂತೆ. ಪಾಪ, ಆಸಕ್ತಿಯಿದೆ ಎಂದುಕೊಂಡಿರಬೇಕು. ಮಾವ ಪಳೆಯುಳಿಕೆ ಹುಡುಕಲು ಹೋದವರೇ ಅಲ್ಲ. ಯಾವುದು ತಮ್ಮ ಮಗನಲ್ಲ ಎಂದು ತಿಳಿಯಲು ಅವರು ಅದನ್ನೆಲ್ಲ ಕಲಿತದ್ದು. ಆ ಅರೆಗಳ ತುಂಬ ಇರುವ ಒಂದೊಂದು ಕಲ್ಲೂ ಒಂದೊಂದು ಬೆಳಿಗ್ಗೆಯ 'ಅಲ್ಲ'. ಅತ್ತೆಯ "ಕಲ್ಲಾ?" ಎಂದರೆ ಏನೆಂದು ನನಗೆ ಆಗ ಅರ್ಥವಾಯಿತು. ರೂಮಿನಲ್ಲಿ ನಾನು ಅದನ್ನು ಅಣಕಿಸಿದ್ದು ನೆನಪಾಗಿ ನೆಲ ಬಾಯಿ ಬಿಡಬಾರದೇ ಎನಿಸಿತು.

ಇವರು ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟರು. "ಅಣ್ಣ ಸಿಕ್ಕಿಬಿಟ್ಟ ಕಣೇ. ನಿನ್ನ ಕೈಗೇ ಸಿಕ್ಕಿದಾನೆ ನೋಡು" ಎಂದು ನನ್ನ ಬೆರಳುಗಳನ್ನು ಕಣ್ಣಿಗೊತ್ತಿಕೊಂಡರು. ಆ ಬೆರಳುಗಳಲ್ಲಿ ನೇಲ್ ಪಾಲಿಶ್ ವಾಸನೆ ಇನ್ನೂ ಇತ್ತು ಅಮ್ಮಾ. ನನಗೆ ಅಲ್ಲೇ, ಆ ಕ್ಷಣವೇ ಹೊಳೆಯಿತು. ಸೂಜಿಗೆ ಸುಟ್ಟದ್ದು ಮೂಳೆಯಲ್ಲ, ನಾನು ಹಚ್ಚಿದ ಪಾಲಿಶ್. ಬಾಯಿ ತೆರೆದೆ. ಇವರ ಹೆಗಲು ಅಲುಗುತ್ತಿತ್ತು. ಬಾಯಿ ಮುಚ್ಚಿದೆ.

ಇವತ್ತು ಸಂಜೆ ಹೇಳೋಣ, ನಾಳೆ ಹೇಳೋಣ ಎನ್ನುತ್ತಿರುವಾಗಲೇ ಮನೆ ನನ್ನ ಕಣ್ಣೆದುರು ಬದಲಾಗತೊಡಗಿತು. ಈ ಮನೆಯ ಜಗಲಿಯ ಲೈಟು ಹಗಲೂ ಉರಿಯುತ್ತಿತ್ತು, ಒಂದು ಸಲ ನಾನು ಆರಿಸಿದಾಗ ಅತ್ತೆ ಮಾತಾಡದೆ ಮತ್ತೆ ಹಾಕಿದ್ದರು. ಆ ದಿನ ಅವರೇ ಆರಿಸಿದರು. ಬಾಗಿಲ ಪಕ್ಕ ಒಂದು ಜೊತೆ ಬೂಟು ಇತ್ತು, ಇವರ ಅಳತೆಯದ್ದಲ್ಲ, ಆದರೂ ವಾರಕ್ಕೊಮ್ಮೆ ಅತ್ತೆ ಅದಕ್ಕೆ ಪಾಲಿಶ್ ಹಾಕುತ್ತಿದ್ದರು. ಅದನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕಟ್ಟಿದರು. ವರ್ಷಗಳಿಂದ ಬಾ ಬಾ ಎಂದು ಕರೆಯುತ್ತಿದ್ದ ತಂಗಿಗೆ ಫೋನ್ ಮಾಡಿ, ಮುಂದಿನ ತಿಂಗಳು ಬಂದು ನಾಲ್ಕು ದಿನ ಇದ್ದು ಹೋಗ್ತೀನಿ ಎಂದರು. ಇಷ್ಟು ವರ್ಷ ಅವರು ಒಂದು ರಾತ್ರಿಯೂ ಈ ಮನೆ ಬಿಟ್ಟು ಬೇರೆ ಕಡೆ ಮಲಗಿಲ್ಲವಂತೆ, ಬಂದವನಿಗೆ ಬಾಗಿಲು ತೆಗೆಯಲು ಯಾರಾದರೂ ಬೇಕಲ್ಲ ಎಂದು.

ಅಪ್ಪ ಹೋದ ಮೇಲೆ ನೀನು ಬೇಗನೇ ಅವರ ಅಂಗಿಗಳನ್ನೆಲ್ಲ ಕೊಟ್ಟುಬಿಟ್ಟೆ, ನೆನಪಿದೆಯಾ? ನಾನು ನಿನ್ನ ಮೇಲೆ ಉರಿದುಬಿದ್ದಿದ್ದೆ. ಅಪ್ಪನ ಹಣೆ ಮುಟ್ಟಿ ಕಳಿಸಿಕೊಟ್ಟಿದ್ದರಿಂದಲೇ ಅಂಗಿ ಕೊಡುವ ಶಕ್ತಿ ನಿನಗೆ ಬಂತು ಎಂದು ಈಗ ಅನಿಸುತ್ತದೆ. ಅತ್ತೆಗೆ ಮುಟ್ಟಲು ಏನೂ ಇರಲಿಲ್ಲ. ಈಗ, ಅವರ ಪಾಲಿಗೆ, ಮಗನ ಒಂದು ಬೆರಳು ಇದೆ. ಹತ್ತಿಯಲ್ಲಿಟ್ಟು, ತಮ್ಮ ಕಿವಿಯೋಲೆಯ ಡಬ್ಬಿಯಲ್ಲಿ ಹಾಕಿ, ತಲೆದಿಂಬಿನ ಬಳಿ ಇಟ್ಟುಕೊಂಡಿದ್ದಾರೆ.

ಇವರು ಮಾತ್ರ ಶುಕ್ರವಾರ, ಆಸ್ಪತ್ರೆಯ ಲ್ಯಾಬಿಗೆ ಕಳಿಸಿ ಗಟ್ಟಿ ಮಾಡಿಕೊಳ್ಳೋಣ ಎಂದರು. ಎಂದೂ ದನಿ ಏರಿಸದ ಮಾವ ಅವತ್ತು ಸಿಡಿದರು: "ನನ್ನ ಮಗನ್ನ ಬಾಟಲಿಗೆ ಹಾಕಿ ಚೀಟಿ ಅಂಟಿಸ್ತಾರಾ ಅವರು? ಜೀವಮಾನ ಹಲ್ಲು ಮೂಳೆ ನೋಡಿದೀನಿ ನಾನು. ಅಲ್ಲ ಅಂದ್ರೆ ಅಲ್ಲ, ಹೌದು ಅಂದ್ರೆ ಹೌದು." ಇವರು ತಲೆ ತಗ್ಗಿಸಿದರು. ಸೋಮವಾರ ಬೆಳಿಗ್ಗೆ ದೋಣಿಯಲ್ಲಿ ಹೋಗಿ ಸಮುದ್ರಕ್ಕೇ ಬಿಡುವುದೆಂದು ತೀರ್ಮಾನವಾಯಿತು.

ನನಗೆ ತಡೆಯಲಾಗಲಿಲ್ಲ. ನಿನ್ನೆ ಇವರು ಯಾರದೋ ಮನೆಗೆ ಹಲ್ಲಿನ ಸೆಟ್ ಕೊಡಲು ಹೋದಾಗ, ಅತ್ತೆ ಸ್ನಾನಕ್ಕೆ ಹೋದಾಗ, ಮಾವನ ಎದುರು ಹೋಗಿ ನಿಂತೆ. ಅವರು ಮೇಣದಲ್ಲಿ ಒಂದು ಸಾಲು ಹಲ್ಲು ಕೂರಿಸುತ್ತಿದ್ದರು. ಒಂದೇ ಉಸಿರಿಗೆ ಹೇಳಿಬಿಟ್ಟೆ. ಮಾವ, ಅದು ನನ್ನ ನೇಲ್ ಪಾಲಿಶ್ ಸುಟ್ಟ ವಾಸನೆ, ನನ್ನನ್ನ ಕ್ಷಮಿಸಿ, ನಾನು ಚೆಂದ ಕಾಣಲಿ ಅಂತ ಹಚ್ಚಿದ್ದೆ.

ಅವರು ತಲೆಯೆತ್ತಲಿಲ್ಲ. "ಎರಡು ಕೋಟ್ ಅಲ್ವಾ? ಎರಡನೇದು ಸರಿಯಾಗಿ ಒಣಗಿರ್ಲಿಲ್ಲ" ಎಂದರು.

ನಿಮಗೆ ಹೇಗೆ ಗೊತ್ತು ಎಂದೆ.

"ಈ ಪ್ಲಾಸ್ಟಿಕ್ಕು, ಈ ಮೇಣ, ಸುಟ್ಟ ಹಲ್ಲು, ಇದರ ಮಧ್ಯೆನೇ ಮುದುಕ ಆದವನಮ್ಮಾ ನಾನು. ಕೂದಲು ಸುಟ್ಟ ವಾಸನೆ ಯಾವುದು, ಉಗುರು ಬಣ್ಣ ಸುಟ್ಟ ವಾಸನೆ ಯಾವುದು ಗೊತ್ತಾಗಲ್ವಾ? ಕೈಗೆ ತಗೊಂಡಾಗಲೇ ಗೊತ್ತಾಯ್ತು. ಭಾರ ಇತ್ತು. ತಟ್ಟಿದಾಗ ಟಿಣ್ ಅಂತು. ಸೂಜಿ ಕಾಯಿಸಿದ್ದು ನಿನ್ನ ಆ ಹೊಳಪು ಏನು ಅಂತ ನೋಡೋಕೆ. ಕಲ್ಲೇ ಅದು."

ಮತ್ತೆ ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ಹೇಳಿದರು. ಮೊದಮೊದಲು ಕಲ್ಲು ಎಂದರೆ ಅತ್ತೆಗೆ ಜೀವ ಬರುತ್ತಿತ್ತಂತೆ, ಹಾಗಾದರೆ ಮಗ ಎಲ್ಲೋ ಬದುಕಿದ್ದಾನೆ ಎಂದು. "ವರ್ಷ ಕಳೀತಾ ಕಳೀತಾ, ಕಲ್ಲು ಅಂದಾಗ ಅವಳ ದನಿಯಲ್ಲಿ ಏನೋ ಒಂದು ಆರಿಹೋಗೋದು. ಆದ್ರೂ ಕೇಳೋದು ಬಿಡ್ಲಿಲ್ಲ, ನಾನು ಹೇಳೋದು ಬಿಡ್ಲಿಲ್ಲ." ಆಮೇಲೆ ಕೈಯಲ್ಲಿದ್ದ ಚಾಕು ಕೆಳಗಿಟ್ಟು, ಮಂಡಿ ನೋವಲ್ಲ ತಮಗಿರುವುದು ಎಂದರು. ಎದೆ. ಮರಳಿನಲ್ಲಿ ನಡೆಯಲೇಬಾರದು ಎಂದು ಡಾಕ್ಟರು ಹೇಳಿದ್ದಾರಂತೆ. ಮಗನಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ. "ನಾನು ಹೋದ್ಮೇಲೆ ಅವಳು ಅಡುಗೆಮನೆಯಿಂದ ಯಾರನ್ನ ಕೇಳ್ತಾಳಮ್ಮಾ? ಖಾಲಿ ಕೋಣೆ ಕಡೆ ಮುಖ ಮಾಡಿ ಕಲ್ಲಾ ಕಲ್ಲಾ ಅಂತ ಕೇಳ್ತಾ ಇರ್ತಾಳೆ. ಅವತ್ತು ಉತ್ತರ ಸಿಗದೆ ಅವಳೇ ಬಂದು ಬಾಗಿಲಲ್ಲಿ ನಿಂತ್ಲು. ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ಅವಳಿಗೆ ಬೇರೆ ಉತ್ತರ ಕೊಡಬಹುದು ಅನ್ನಿಸ್ತು. ಕೊಟ್ಟೆ."

ನಾನು ಅಳುತ್ತಿದ್ದೆ. ಆದರೂ ನಿನ್ನ ಮಗಳಲ್ಲವೇ, ಕೇಳದೆ ಇರಲಾಗಲಿಲ್ಲ. "ಅದು ನಿಜವಾಗಿ ಏನು ಮಾವ?" ಎಂದೆ. ಅವರ ಕಣ್ಣು ಒಂದು ಗಳಿಗೆ ಹೊಳೆಯಿತು. ಬಹಳ ಹಿಂದೆ, ಮನುಷ್ಯರೆಂಬುವರೇ ಇಲ್ಲದಾಗ, ಈ ಸಮುದ್ರದಲ್ಲಿ ಉದ್ದ ಕತ್ತಿನ ಒಂದು ದೊಡ್ಡ ಪ್ರಾಣಿ ಈಜುತ್ತಿತ್ತಂತೆ. ಮೀನಲ್ಲ, ಉಸಿರಾಡಲು ನಮ್ಮ ಹಾಗೆ ನೀರಿನ ಮೇಲೆ ಬರಬೇಕಿತ್ತು. ದೋಣಿಯ ಹುಟ್ಟಿನಂಥ ಅದರ ಕಾಲಿನ ಒಳಗೆ ಸಾಲು ಸಾಲು ಬೆರಳಿನ ಮೂಳೆಗಳಿರುತ್ತಿದ್ದವು. ಅಂಥದೊಂದು ಬೆರಳು ಅದು. ತಮ್ಮ ಸಂಗ್ರಹದಲ್ಲಿ ಇರಲಿಲ್ಲ, ಒಂದಾದರೂ ಸಿಗಬೇಕೆಂದು ಆಸೆಯಿತ್ತು ಎಂದರು. "ಸಿಕ್ಕಾಗ ಇಟ್ಕೊಳ್ಳೋ ಹಾಗಿಲ್ಲ ನೋಡು" ಎಂದು ಸಣ್ಣಗೆ ನಕ್ಕು, ಮತ್ತೆ ಮೇಣದ ಕಡೆ ತಿರುಗಿದರು. ಅತ್ತೆಗೆ ಹೇಳುವುದಿಲ್ಲವೆಂದು ಪ್ರಾಮಿಸ್ ಮಾಡಿಸಿಕೊಂಡರು.

ಅಮ್ಮಾ, ಮಾತು ಕೊಟ್ಟಿದ್ದೇನೆ. ಆದರೆ ಅತ್ತೆಯ ಮುಖ ನೋಡಿದಾಗಲೆಲ್ಲ ಹೇಳಿಬಿಡೋಣ ಎನಿಸುತ್ತದೆ. ಬೆಳಿಗ್ಗೆ ಅವರು ನನ್ನ ತಲೆ ಬಾಚುತ್ತಾ, "ನಿನ್ನ ಕಾಲ್ಗುಣ ಕಣೇ" ಎಂದರು. ಒಬ್ಬ ತಾಯಿಗೆ ಬೇರೆ ಯಾವುದೋ ಕಾಲದ ಪ್ರಾಣಿಯ ಬೆರಳನ್ನು ಕೊಟ್ಟು ಇದು ನಿನ್ನ ಮಗ ಎನ್ನುವುದು ಮೋಸವಲ್ಲವೇ? ಆರಿಸಿದ ಲೈಟು, ಕಟ್ಟಿಟ್ಟ ಬೂಟು, ತಂಗಿಯ ಮನೆಯ ಪ್ರಯಾಣ ಎಲ್ಲವನ್ನೂ ವಾಪಸ್ ಕಿತ್ತುಕೊಳ್ಳುವುದು ಅದಕ್ಕಿಂತ ದೊಡ್ಡ ಕ್ರೌರ್ಯವಲ್ಲವೇ? ನಾನು ನಿನಗೆ ಏನನ್ನೂ ಮುಚ್ಚಿಟ್ಟವಳಲ್ಲ, ಇವರಿಗೆ ಮುಚ್ಚಿಡುತ್ತಿದ್ದೇನೆ. ಮದುವೆಯಾಗಿ ಇನ್ನೂ ಸೀರೆಗಳ ಮಡಿಕೆ ಬಿಚ್ಚಿಲ್ಲ, ಆಗಲೇ ಗಂಡನ ಬೆನ್ನ ಹಿಂದೆ ಅವರ ಅಪ್ಪನ ಎದೆಯ ಕಾಯಿಲೆ, ಅವರ ಅಣ್ಣನ ಸುಳ್ಳು ಬೆರಳು.

ಬರೆಯಲು ಕೂತಾಗ ನಿನ್ನಿಂದ ಉತ್ತರ ಬರಲಿ ಎಂದುಕೊಂಡಿದ್ದೆ. ಕಾಗದ ನಿನಗೆ ತಲುಪುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ ಎಂದು ಈಗ ಹೊಳೆಯುತ್ತಿದೆ. ಹಾಗಾಗಿ ನಾನೇ ತೀರ್ಮಾನಿಸಿದ್ದೇನೆ. ನಾಳೆ ದೋಣಿಯಲ್ಲಿ ಅತ್ತೆಯ ಪಕ್ಕ ಕೂರುತ್ತೇನೆ, ಅವರ ಕೈ ಹಿಡಿದುಕೊಳ್ಳುತ್ತೇನೆ, ಒಂದು ಮಾತೂ ಆಡುವುದಿಲ್ಲ. ನೀನು ಕೇಳಿದರೆ ನಂಬಲಾರೆ, ಆದರೂ ಸತ್ಯ.

ನಿನ್ನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದೀಯಾ? ಅಜ್ಜಿಗೆ ಹಲ್ಲಿನ ಸೆಟ್ ನೀರಿನಲ್ಲಿ ನೆನೆಸಿಡಲು ಹೇಳು, ಬಿಸಿ ನೀರು ಬೇಡ. ಇದು ಮೊಮ್ಮಗಳ ಮಾತಲ್ಲ, ವರ್ಕ್‌ಶಾಪಿನವರ ಮಾತು.

ನಿನ್ನ ಮಡಿಲಿನಲ್ಲಿ ತಲೆಯಿಟ್ಟು ಅಳಬೇಕೆನಿಸುತ್ತಿರುವ,

ನಿನ್ನ ಬಾಯಿಬಡುಕಿ

ತಾ.ಕ.: ಮಂಗಳವಾರ ಬೆಳಿಗ್ಗೆ. ಲಕೋಟೆ ಅಂಟಿಸಿರಲಿಲ್ಲ, ಒಳ್ಳೆಯದೇ ಆಯಿತು.

ನಿನ್ನೆ ಹೋಗಿ ಬಂದೆವು. ಸಮುದ್ರ ಶಾಂತವಾಗಿತ್ತು. ಇವರು ಹುಟ್ಟು ಹಾಕಿದರು, ಮಾವ ಮುಂದೆ ನಮ್ಮ ಕಡೆ ಬೆನ್ನು ಮಾಡಿ ಕೂತಿದ್ದರು. ದಡದ ಮನೆಗಳು ಸಣ್ಣದಾದ ಮೇಲೆ ಅತ್ತೆ ಡಬ್ಬಿ ತೆರೆದರು. ಅದನ್ನು ಅಂಗೈಯಲ್ಲಿಟ್ಟುಕೊಂಡು ಬೆಚ್ಚಗೆ ಮಾಡಿದರು. ಆಮೇಲೆ ಮುತ್ತಿಡುವಂತೆ ತುಟಿಯ ಬಳಿ ತಂದರು. ನಾನು ಅವರ ಮಗ್ಗುಲಲ್ಲೇ ಇದ್ದೆ ಅಮ್ಮಾ, ನನಗೆ ಮಾತ್ರ ಕೇಳಿಸಿತು. ಅವರ ಮುಂದಿನ ಹಲ್ಲಿಗೆ ಅದು ತಾಗಿ, ಸಣ್ಣಗೆ, ಸ್ಪಷ್ಟವಾಗಿ, ಟಿಣ್.

ಅತ್ತೆ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಅವರು ಬಗ್ಗಿ, ಅದನ್ನು ಮೆಲ್ಲಗೆ ನೀರಿಗೆ ಬಿಟ್ಟರು. ಬಿಟ್ಟ ಮೇಲೆ ಅತ್ತರು. ಅದು ನಾಟಕದ ಅಳುವಲ್ಲ, ಅವರು ಮಗನಿಗಾಗಿಯೇ ಅತ್ತರು.

ದಡದಿಂದ ಮನೆಗೆ ನಡೆಯುವಾಗ ಗಂಡಸರು ಮುಂದಿದ್ದರು. ಅತ್ತೆ ನನ್ನ ತೋಳು ಹಿಡಿದು ನಿಧಾನ ಮಾಡಿದರು. "ಅವತ್ತು ಅವರು ತಟ್ಟಿದ ಸದ್ದಿಗೇ ಗೊತ್ತಾಯ್ತು ಕಣೇ. ಇಷ್ಟು ವರ್ಷ ಅಡುಗೆಮನೆಯಿಂದ ಅದನ್ನೇ ತಾನೇ ಕೇಳಿಸ್ಕೊಂಡಿರೋದು? ಆಮೇಲೆ ನಿನ್ನ ಉಗುರು ಬಣ್ಣದ ವಾಸನೆ ಬೇರೆ." ನಾನು ಕಲ್ಲಿನಂತೆ ನಿಂತೆ. "ಅವರು ಎದೆ ಒತ್ಕೊಂಡು ಮೆಟ್ಟಿಲು ಹತ್ತೋದು ನಂಗೆ ಕಾಣಲ್ಲ ಅನ್ಕೊಂಡಿದಾರೆ. ನಾನು ಕಲ್ಲಾ ಅಂತ ಕೇಳ್ತಾ ಇರೋವರೆಗೂ ಅವರು ಮರಳಲ್ಲಿ ಓಡಾಡೋದು ಬಿಡಲ್ಲ. ಅಲ್ಲ ಅಂದ್ರಲ್ಲ ಅವತ್ತು, ಸರಿ, ಸಾಕು, ಇಲ್ಲಿಗೆ ನಿಲ್ಲಿಸೋಣ ಅಂತ ನಾನೂ ಹೂಂ ಅಂದೆ." ಸ್ವಲ್ಪ ದೂರ ನಡೆದು, "ನಂಗೆ ಗೊತ್ತು ಅಂತ ಅವರಿಗೆ ಹೇಳ್ಬೇಡ. ಪಾಪ, ಸುಳ್ಳು ಹೇಳಿ ಅಭ್ಯಾಸ ಇಲ್ಲ ಅವರಿಗೆ" ಎಂದರು.

ಈಗ ನನ್ನ ಹೊಟ್ಟೆಯಲ್ಲಿ ಎರಡೂ ಕಡೆಯ ಮಾತಿದೆ. ಫೋನಿನಲ್ಲಿ ಅಪ್ಪಿತಪ್ಪಿಯೂ ಇದನ್ನು ಎತ್ತಬೇಡ.

ಇವತ್ತು ಬೆಳಿಗ್ಗೆ ನಾನೊಬ್ಬಳೇ ದಂಡೆಗೆ ಹೋದೆ. ಐದೆಸಳಿನ ಹೂವಿರುವ ಒಂದು ಪುಟ್ಟ ಚೆಂಡು ಸಿಕ್ಕಿತು. ತಂದು ಅಮೃತಶಿಲೆಯ ಮೇಲೆ ಇಟ್ಟೆ, ಅಭ್ಯಾಸಬಲದಿಂದ ಮಾವ ತಟ್ಟಿದರು. ತಟ್ಟಿದ ಮೇಲೆ ನಾವಿಬ್ಬರೂ ಅಡುಗೆಮನೆಯ ಕಡೆ ಕಿವಿಗೊಟ್ಟೆವು. ಅಲ್ಲಿಂದ ಏನೂ ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಸೆರಗಿಗೆ ಕೈ ಒರೆಸುತ್ತಾ ತಾವೇ ಬಾಗಿಲು ದಾಟಿ ಒಳಗೆ ಬಂದರು. ಮಾವ ಎದ್ದು ಕುರ್ಚಿ ಕೊಟ್ಟು, ಭೂತಗನ್ನಡಿಯನ್ನು ಅವರ ಕೈಗಿಟ್ಟರು. ಅತ್ತೆ ಒಂದು ಕಣ್ಣು ಮುಚ್ಚಿ, ಆ ಕಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿಯೇ ನೋಡಿದರು. ಆಮೇಲೆ ಕೇಳಿದರು: "ಇದಕ್ಕೆ ಹೆಸರೇನ್ರೀ?"